ಎಡವೆಂದರೆ ಯಾರ ಎಡ? ಬಿಡಿಭಾಗ ವ್ಯಾಪಾರದಲ್ಲಿ ಒಂದು ಪದದ ಬೆಲೆ

ಮೋಟಾರು ವಾಹನಗಳ ಬಿಡಿಭಾಗಗಳ ವ್ಯಾಪಾರದಲ್ಲಿ ತೊಡಗಿರುವವರಿಗೆ ಗಿರಾಕಿಯಿಂದ ಹಿಂದಿರುಗಿ ಬರುವ ಸರಕು ಹೊಸ ಸಂಗತಿಯೇನೂ ಅಲ್ಲ. ಮಾದರಿ ಬೇರೆಯಾದದ್ದು, ಸಾಗಾಣಿಕೆಯಲ್ಲಿ ಒಡೆದದ್ದು, ಗುಣಮಟ್ಟ ಒಪ್ಪಿಗೆಯಾಗದ್ದು ಎಂದು ಕಾರಣಗಳು ಹಲವು. ಇವುಗಳ ನಡುವೆ ಒಂದು ಕಾರಣ ಮಾತ್ರ ವಿಚಿತ್ರವಾದುದು. ಸರಕು ಸರಿಯಾಗಿದೆ, ಮಾದರಿ ಸರಿಯಾಗಿದೆ, ಗುಣಮಟ್ಟದಲ್ಲಿ ಕೊರತೆಯಿಲ್ಲ, ಬಿಲ್ಲಿನಲ್ಲಿ ಬರೆದುದಕ್ಕೂ ಪೆಟ್ಟಿಗೆಯಲ್ಲಿ ಇರುವುದಕ್ಕೂ ವ್ಯತ್ಯಾಸವಿಲ್ಲ. ಆದರೂ ಅದು ವಾಹನಕ್ಕೆ ಕೂಡುವುದಿಲ್ಲ. ಎಡಭಾಗದ್ದು ಬೇಕಾದಲ್ಲಿ ಬಲಭಾಗದ್ದು ಬಂದಿರುತ್ತದೆ.

ಇಂತಹ ಸಂದರ್ಭದಲ್ಲಿ ಅಂಗಡಿಯವರು ಮೆಕ್ಯಾನಿಕನನ್ನು ದೂರುವುದು, ಮೆಕ್ಯಾನಿಕನು ಅಂಗಡಿಯವರನ್ನು ದೂರುವುದು, ಕೊನೆಗೆ ಇಬ್ಬರೂ ಸೇರಿ ಕೌಂಟರಿನಲ್ಲಿ ನಿಂತ ಹುಡುಗನನ್ನೋ ಗ್ಯಾರೇಜಿನ ಸಹಾಯಕನನ್ನೋ ಹೊಣೆಯಾಗಿಸುವುದು ವಾಡಿಕೆ. ಆದರೆ ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಿದರೆ, ಇದು ಯಾರೊಬ್ಬರ ಅಜಾಗರೂಕತೆಯಿಂದ ಆಗುವ ತಪ್ಪಲ್ಲವೆಂಬುದು ಮನವರಿಕೆಯಾಗುತ್ತದೆ. "ಎಡ" ಎಂಬ ಪದವೇ ಅಪೂರ್ಣವಾದುದು. ಎಲ್ಲಿ ನಿಂತು, ಯಾವ ದಿಕ್ಕಿಗೆ ಮುಖ ಮಾಡಿ ನೋಡಿದಾಗ ಎಡ ಎಂಬುದು ಅದರೊಡನೆ ಸೇರದ ಹೊರತು ಆ ಪದಕ್ಕೆ ವ್ಯಾಪಾರದಲ್ಲಿ ಬೆಲೆಯಿಲ್ಲ. ಆ ಅಪೂರ್ಣತೆಯನ್ನು ತುಂಬಿಕೊಳ್ಳುವ ಹೊಣೆ ಯಾರದು ಎಂಬುದೇ ಇಲ್ಲಿ ನಿರ್ಧಾರವಾಗಬೇಕಾದ ಪ್ರಶ್ನೆ.

ಗೊಂದಲದ ಮೂಲ

ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಪೇಟೆಗಳಿಗೆ ನಾಡಿನ ಮೂಲೆಮೂಲೆಗಳಿಂದ ದೂರವಾಣಿಯ ಮೂಲಕ ಬೇಡಿಕೆಗಳು ಬರುತ್ತವೆ. "ಸಾವುಕಾರ್ರ, ಎಡಗಡಿ ಹೆಡ್‌ಲೈಟ್ ಒಂದು ಇವತ್ತಿನ ಬಸ್ಸಿಗೆ ಹಾಕಿ ಕಳಸ್ರಿ" ಎಂಬಷ್ಟರಲ್ಲಿ ವ್ಯವಹಾರ ಮುಗಿಯುತ್ತದೆ. ಕರೆ ಮಾಡಿದ ಮೆಕ್ಯಾನಿಕನು ಒಡೆದ ದೀಪದ ಎದುರು, ಬಾನೆಟ್ಟಿಗೆ ಮುಖ ಮಾಡಿ ನಿಂತಿರುತ್ತಾನೆ. ಅವನ ಎಡಗೈಯ ಕಡೆಗೆ ಇರುವುದು ವಾಹನದ ಬಲಭಾಗದ ದೀಪ. ಅಂಗಡಿಯವರ ಪಟ್ಟಿಯಲ್ಲಿ "ಎಡ" ಎಂದರೆ ಚಾಲಕನ ಆಸನದಲ್ಲಿ ಮುಂದಕ್ಕೆ ಮುಖ ಮಾಡಿ ಕುಳಿತವನ ಎಡ. ಇಬ್ಬರೂ ಹೇಳಿದ್ದು ನಿಜ, ಇಬ್ಬರೂ ಬರೆದದ್ದು ಒಂದೇ ಪದ. ಬಂದ ಸರಕು ಮಾತ್ರ ತಪ್ಪು.

ಚಾಲಕನ ಆಸನದಿಂದ ನೋಡಿ ಎಡಬಲಗಳನ್ನು ಗೊತ್ತುಮಾಡುವುದು ವಾಹನ ತಯಾರಕರೆಲ್ಲರೂ ಅನುಸರಿಸುವ ಪದ್ಧತಿ. ಸ್ಟಿಯರಿಂಗ್ ಚಕ್ರವು ವಾಹನದ ಯಾವ ಕಡೆಗಿದ್ದರೂ ಈ ಪದ್ಧತಿ ಬದಲಾಗುವುದಿಲ್ಲ. ಬಿಡಿಭಾಗಗಳ ಮೇಲೆ ಅಚ್ಚಾಗಿರುವ "ಎಲ್‌ಎಚ್", "ಆರ್‌ಎಚ್" ಗುರುತುಗಳೂ ಇದನ್ನೇ ಸೂಚಿಸುತ್ತವೆ. ಆದರೆ ಈ ಪದ್ಧತಿಯನ್ನು ಗ್ಯಾರೇಜಿನ ಹುಡುಗನಿಗೆ ಯಾರೂ ಪಾಠ ಮಾಡಿ ಕಲಿಸಿರುವುದಿಲ್ಲ. ಕಣ್ಣೆದುರಿಗೆ ಕಂಡದ್ದನ್ನು ಅವನು ಹೇಳುತ್ತಾನೆ.

ವಾಹನದ ಹಿಂಭಾಗದಲ್ಲಿ ನಿಂತವನ ಮುಖವೂ ವಾಹನದ ಮುಖವೂ ಒಂದೇ ದಿಕ್ಕಿಗಿರುವುದರಿಂದ ಅವನ ಎಡವೂ ವಾಹನದ ಎಡವೂ ಒಂದೇ ಆಗಿರುತ್ತದೆ. ಆದಕಾರಣ ಹಿಂದಿನ ದೀಪಗಳನ್ನು ತರಿಸುವಾಗ ಇರದ ತೊಡಕು ಮುಂದಿನ ದೀಪ, ಫೆಂಡರ್, ಬಂಪರಿನ ಹಿಡಿಕೆಗಳನ್ನು ತರಿಸುವಾಗ ತಲೆದೋರುತ್ತದೆ. ಎಂಜಿನ್ನಿನ ವಿಷಯದಲ್ಲಿ ಇನ್ನೊಂದು ಸಿಕ್ಕು ಉಂಟು. ಇಂದಿನ ಬಹುಪಾಲು ಸಣ್ಣ ಕಾರುಗಳಲ್ಲಿ ಎಂಜಿನ್ನನ್ನು ಅಡ್ಡಲಾಗಿ ಕೂಡಿಸಿರುತ್ತಾರೆ. ಅಂತಹ ಎಂಜಿನ್ನಿನ "ಮುಂಭಾಗ", ಅಂದರೆ ಪುಲ್ಲಿ ಮತ್ತು ಬೆಲ್ಟು ಇರುವ ತುದಿ, ಕಾರಿನ ಒಂದು ಪಕ್ಕಕ್ಕೆ ಮುಖ ಮಾಡಿರುತ್ತದೆ. "ಮುಂದಿನ ಮೌಂಟಿಂಗ್", "ಎಡಗಡೆ ಮೌಂಟಿಂಗ್" ಎಂದು ತರಿಸುವಾಗ ಕಾರಿನ ಲೆಕ್ಕವೋ ಎಂಜಿನ್ನಿನ ಲೆಕ್ಕವೋ ಎಂಬುದನ್ನು ಕೇಳಿಯೇ ತಿಳಿಯಬೇಕು.

ಡ್ರೈವರ್ ಸೈಡು, ಕ್ಲೀನರ್ ಸೈಡು

ಈ ತೊಡಕಿಗೆ ಪೇಟೆಯು ತಾನಾಗಿಯೇ ಒಂದು ಪರಿಹಾರವನ್ನು ಕಂಡುಕೊಂಡಿದೆ. ಎಡ, ಬಲ ಎಂಬ ಪದಗಳನ್ನು ಬಿಟ್ಟು "ಡ್ರೈವರ್ ಸೈಡು", "ಕ್ಲೀನರ್ ಸೈಡು" ಎನ್ನುವುದು ಲಾರಿಗಳ ಕಾಲದಿಂದ ಬಂದ ರೂಢಿ. ಕ್ಲೀನರ್ ಎಂಬಾತನೇ ಇಲ್ಲದ ಕಾರುಗಳಿಗೂ ಅದು ಹಾಗೆಯೇ ಅನ್ವಯವಾಗಿ ಉಳಿದಿದೆ. ಈ ರೂಢಿಯ ಹಿರಿಮೆ ಎಂದರೆ, ಎಲ್ಲಿ ನಿಂತು ನೋಡಿದರೂ ಸ್ಟಿಯರಿಂಗ್ ಇರುವ ಕಡೆ ಬದಲಾಗುವುದಿಲ್ಲ. ದೇಶದೊಳಗಿನ ವ್ಯಾಪಾರಕ್ಕೆ ಇದಕ್ಕಿಂತ ಸುಲಭವಾದ ಗುರುತು ಬೇರೊಂದಿಲ್ಲ.

ಆದರೆ ದೇಶದ ಗಡಿ ದಾಟಿದೊಡನೆ ಇದೇ ಗುರುತು ತಿರುಗುಬಾಣವಾಗುತ್ತದೆ. ಭಾರತ, ಬ್ರಿಟನ್, ಜಪಾನ್, ಆಸ್ಟ್ರೇಲಿಯ, ಶ್ರೀಲಂಕಾ, ಕೀನ್ಯಾ ಮೊದಲಾದ ದೇಶಗಳಲ್ಲಿ ವಾಹನಗಳು ರಸ್ತೆಯ ಎಡಕ್ಕೆ ಚಲಿಸುತ್ತವೆ, ಚಾಲಕನು ಬಲಗಡೆ ಕೂರುತ್ತಾನೆ. ಅಮೆರಿಕ, ಮೆಕ್ಸಿಕೊ ಹಾಗೂ ಯೂರೋಪಿನ ಬಹುತೇಕ ದೇಶಗಳಲ್ಲಿ ಇದಕ್ಕೆ ವ್ಯತಿರಿಕ್ತ. ಅಮೆರಿಕದ ಗಿರಾಕಿಯು "ಡ್ರೈವರ್ ಸೈಡಿನ ಕನ್ನಡಿ" ಎಂದು ಬರೆದರೆ ಅದು ಎಡಭಾಗದ್ದು. ಅದೇ ಮಾತು ಹುಬ್ಬಳ್ಳಿಯಲ್ಲಿ ಬಲಭಾಗದ್ದು. ರಫ್ತಿಗಾಗಿ ಸರಕು ಸಿದ್ಧಪಡಿಸುವ ಬೆಳಗಾವಿಯ ಅಥವಾ ಪೀಣ್ಯದ ಸಣ್ಣ ಕಾರ್ಖಾನೆಯವರು ಈ ಒಂದು ಮಾತನ್ನು ತಮ್ಮ ರೂಢಿಯಂತೆ ಅರ್ಥಮಾಡಿಕೊಂಡರೆ, ತಪ್ಪು ಒಂದು ಪೆಟ್ಟಿಗೆಯದಲ್ಲ, ಒಂದು ಇಡೀ ಕಂಟೇನರಿನದಾಗುತ್ತದೆ. ಬ್ರಿಟಿಷರ "ನಿಯರ್ ಸೈಡ್", "ಆಫ್ ಸೈಡ್" ಎಂಬ ಪದಗಳೂ ಇಂಥವೇ. ನಿಯರ್ ಸೈಡ್ ಎಂದರೆ ಪಾದಚಾರಿ ಮಾರ್ಗಕ್ಕೆ ಹತ್ತಿರವಾದ ಕಡೆ. ಬ್ರಿಟನ್ನಿನಲ್ಲಿ ಅದು ಎಡ.

ರಸ್ತೆಯ ಬದಿಯೂ ಸಹ ಶಾಶ್ವತವಲ್ಲವೆಂಬುದಕ್ಕೆ ಇತಿಹಾಸದಲ್ಲಿ ನಿದರ್ಶನಗಳಿವೆ. ಸ್ವೀಡನ್ ದೇಶವು 1967ರ ಸೆಪ್ಟೆಂಬರ್ 3ರಂದು ಎಡದಿಂದ ಬಲಕ್ಕೆ ತನ್ನ ಸಂಚಾರವನ್ನು ಬದಲಾಯಿಸಿತು. ಸಮೋವಾ ದ್ವೀಪರಾಷ್ಟ್ರವು 2009ರ ಸೆಪ್ಟೆಂಬರ್ 7ರಂದು ಬಲದಿಂದ ಎಡಕ್ಕೆ ಬಂದಿತು. ಆದುದರಿಂದ ರಫ್ತು, ಆಮದುಗಳ ಕಾಗದಪತ್ರಗಳಲ್ಲಿ "ಡ್ರೈವರ್ ಸೈಡು" ಎಂಬ ಪ್ರಯೋಗವನ್ನು ಸಂಪೂರ್ಣವಾಗಿ ಕೈಬಿಟ್ಟು, ವಾಹನದ ಎಡ ಅಥವಾ ಬಲ ಎಂಬುದನ್ನೂ, ವಾಹನದ ಸ್ಟಿಯರಿಂಗ್ ಯಾವ ಕಡೆಗಿದೆ ಎಂಬುದನ್ನೂ ಪ್ರತ್ಯೇಕವಾಗಿ ನಮೂದಿಸುವುದೇ ಕ್ಷೇಮಕರ.

ಹೆಡ್‌ಲೈಟಿನ ವಿಷಯದಲ್ಲಿ ಈ ಎರಡು ವಿವರಗಳೂ ಅನಿವಾರ್ಯ. ಎಡಕ್ಕೆ ಚಲಿಸುವ ದೇಶಗಳ ದೀಪಗಳಲ್ಲಿ ಡಿಪ್ ಬೆಳಕು ಎಡಬದಿಗೆ ತುಸು ಮೇಲೇಳುವಂತೆ ರಚನೆಯಿರುತ್ತದೆ. ಬಲಕ್ಕೆ ಚಲಿಸುವ ದೇಶಕ್ಕಾಗಿ ತಯಾರಾದ ಎಡದೀಪವು ಇಲ್ಲಿನ ಕಾರಿನ ಎಡಭಾಗಕ್ಕೆ ಕೂಡಬಹುದು; ಆದರೆ ಅದರ ಬೆಳಕು ಎದುರಿನಿಂದ ಬರುವವನ ಕಣ್ಣಿಗೆ ರಾಚುತ್ತದೆ. ವಿಶ್ವಸಂಸ್ಥೆಯ ಯೂರೋಪ್ ಆರ್ಥಿಕ ಆಯೋಗದ ನಿಯಮಗಳು ಎಡಸಂಚಾರಕ್ಕೆ ಮಾತ್ರ ತಕ್ಕುದಾದ ದೀಪದ ಗಾಜಿನ ಮೇಲೆ ಒಂದು ಬಾಣದ ಗುರುತನ್ನು ಕಡ್ಡಾಯಗೊಳಿಸಿವೆ. ಆ ಬಾಣವು ದೀಪಕ್ಕೆ ಎದುರಾಗಿ ನಿಂತು ನೋಡುವವನ ಬಲಕ್ಕೆ ತೋರಬೇಕು ಎಂದು ನೋಡುವವನ ಸ್ಥಾನವನ್ನೂ ಸೇರಿಸಿಯೇ ನಿಯಮವನ್ನು ಬರೆದಿದ್ದಾರೆ. ತಜ್ಞರ ನಿಯಮಕ್ಕೇ ಈ ವಿವರಣೆ ಬೇಕಾಗಿರುವಾಗ, ದೂರವಾಣಿಯ ಅರ್ಧ ನಿಮಿಷದ ಮಾತಿಗೆ ಬೇಡವೆನ್ನುವುದು ಹೇಗೆ?

ಅಕ್ಷರ ಒಂದೇ, ಅರ್ಥ ಬೇರೆ

"ಎಲ್" ಮತ್ತು "ಆರ್" ಅಕ್ಷರಗಳು ಎಲ್ಲೆಡೆಯೂ ವಾಹನದ ಬದಿಯನ್ನೇ ಸೂಚಿಸುತ್ತವೆ ಎಂಬ ನಂಬಿಕೆಯೂ ನಷ್ಟಕ್ಕೆ ದಾರಿ. ಲಾರಿಗಳ ಟೈ ರಾಡ್ ಎಂಡ್‌ಗಳಲ್ಲಿ ಒಂದಕ್ಕೆ ಬಲಸುತ್ತಿನ ಮರೆ, ಇನ್ನೊಂದಕ್ಕೆ ಎಡಸುತ್ತಿನ ಮರೆ ಇರುತ್ತದೆ. ಅಲ್ಲಿ "ಎಲ್‌ಎಚ್" ಎಂಬುದು ಮರೆಯ ಸುತ್ತನ್ನು ಹೇಳುತ್ತಿರಬಹುದು, ಚಕ್ರದ ಬದಿಯನ್ನಲ್ಲ.

ಬ್ಯಾಟರಿಯ ಉದಾಹರಣೆ ಇನ್ನೂ ಸೂಕ್ಷ್ಮವಾದುದು. ಜಪಾನಿನ ಮಾನಕದಂತೆ ಹೆಸರಿಸಿದ 38ಬಿ20ಎಲ್ ಮತ್ತು 38ಬಿ20ಆರ್ ಬ್ಯಾಟರಿಗಳು ಅಳತೆಯಲ್ಲಿ ಒಂದೇ. ಧನ ಮತ್ತು ಋಣ ತುದಿಗಳ ಸ್ಥಾನ ಮಾತ್ರ ಅದಲುಬದಲು. "ಎಲ್" ಎಂದರೆ ಧನತುದಿ ಎಡಕ್ಕಿದೆ ಎಂದು ಭಾವಿಸುವುದು ಸಹಜ. ಆದರೆ ತುದಿಗಳಿರುವ ಉದ್ದನೆಯ ಬದಿಯನ್ನು ತನ್ನ ಕಡೆಗೆ ಇರಿಸಿಕೊಂಡು ನೋಡಿದರೆ "ಎಲ್" ಬ್ಯಾಟರಿಯ ಧನತುದಿ ಬಲಕ್ಕೆ ಕಾಣುತ್ತದೆ. ಮಾನಕವು ಧನತುದಿಯ ಕಡೆಯ ಗಿಡ್ಡ ಬದಿಯಿಂದ ನೋಡಿ ಹೆಸರಿಟ್ಟಿರುವುದೇ ಇದಕ್ಕೆ ಕಾರಣ. ಕೌಂಟರಿನಲ್ಲಿ ಬ್ಯಾಟರಿಯನ್ನು ಇಟ್ಟು ನೋಡಿ ಕೊಡುವವನೂ, ಅಕ್ಷರ ಓದಿ ಕೇಳುವವನೂ ಇಲ್ಲಿ ಪರಸ್ಪರ ವಿರುದ್ಧ ದಿಕ್ಕಿಗೆ ಹೋಗುವ ಸಂಭವವಿದೆ.

ಎಡಬಲ ತಪ್ಪಿದರೆ ಎಲ್ಲ ಭಾಗಗಳೂ ಕೂಡದೆ ಉಳಿಯುತ್ತವೆ ಎಂಬುದೂ ನಿಜವಲ್ಲ. ಕೂಡಿಬಿಡುವ ಭಾಗಗಳೇ ಹೆಚ್ಚು ಅಪಾಯಕಾರಿ. ಬ್ರೇಕ್ ಕ್ಯಾಲಿಪರ್ ಇದಕ್ಕೆ ತಕ್ಕ ನಿದರ್ಶನ. ಅನೇಕ ವಾಹನಗಳಲ್ಲಿ ಎಡದ ಕ್ಯಾಲಿಪರ್ ಬಲಕ್ಕೂ ಬೋಲ್ಟಾಗಿ ಕೂಡುತ್ತದೆ. ಆದರೆ ಗಾಳಿ ಹೊರಬಿಡುವ ನಿಪ್ಪಲ್ಲು ಮೇಲ್ಭಾಗದಲ್ಲಿ ಇರಬೇಕಾದುದು ಕೆಳಭಾಗಕ್ಕೆ ಬರುತ್ತದೆ. ಗಾಳಿ ಮೇಲೆ ಉಳಿಯುತ್ತದೆ, ಎಷ್ಟು ಸಲ ಬ್ಲೀಡ್ ಮಾಡಿದರೂ ಪೆಡಲು ಮೆತ್ತಗೆಯೇ ಇರುತ್ತದೆ. ಅವಸರದ ಗ್ಯಾರೇಜಿನಿಂದ ಅಂತಹ ವಾಹನ ರಸ್ತೆಗಿಳಿದರೆ ಅದು ಲೆಕ್ಕದ ಪುಸ್ತಕಕ್ಕೆ ಸೀಮಿತವಾದ ನಷ್ಟವಾಗಿ ಉಳಿಯುವುದಿಲ್ಲ.

ತಯಾರಕರ ಪಾಲಿನ ಎಚ್ಚರಿಕೆ

ಈ ಸಮಸ್ಯೆ ಕೇವಲ ಅಂಗಡಿಕಾರರದೆಂದು ಸಣ್ಣ ತಯಾರಕರು ನಿಶ್ಚಿಂತರಾಗುವಂತಿಲ್ಲ. ಎಡಭಾಗದ ಬಿಡಿಭಾಗವು ಬಲಭಾಗದ್ದರ ಕನ್ನಡಿಯ ಪ್ರತಿಬಿಂಬ. ಎಡಗಾಲಿನ ಚಪ್ಪಲಿಯನ್ನು ಹೇಗೆ ತಿರುಗಿಸಿದರೂ ಬಲಗಾಲಿಗೆ ಹೊಂದದು. ಚಪ್ಪಟೆಯಾದ ತಗಡಿನ ತುಂಡನ್ನು ಮಗುಚಿದರೆ ಎಡವು ಬಲವಾಗುತ್ತದೆ. ಆದರೆ ಒಮ್ಮೆ ಮಡಿಸಿದ ಬಳಿಕ ಅದು ಸಾಧ್ಯವಿಲ್ಲ. ಆದಕಾರಣ ಪ್ರೆಸ್ ಕೆಲಸದ ಕಾರ್ಖಾನೆಯಲ್ಲಿ ತುಂಡನ್ನು ಮಗುಚಿ ಇಟ್ಟು ಮಡಿಸಿದ ಒಂದು ತಪ್ಪಿನಿಂದ ಅಂದಿನ ಪಾಳಿಯ ಸರಕೆಲ್ಲ ವಿರುದ್ಧ ಬದಿಯದಾಗಿ ಗುಜರಿಗೆ ಹೋಗಬಹುದು.

ಬಿಡಿಭಾಗಗಳ ನಕ್ಷೆಗಳಲ್ಲಿ ಒಂದು ಬದಿಯದನ್ನು ಮಾತ್ರ ಬರೆದು "ಎಡದ್ದನ್ನು ತೋರಿಸಿದೆ, ಬಲದ್ದು ಇದಕ್ಕೆ ವಿರುದ್ಧ" ಎಂಬ ಒಂದು ಸಾಲಿನ ಟಿಪ್ಪಣಿ ಹಾಕುವ ವಾಡಿಕೆಯಿದೆ. ನಕ್ಷೆಯ ನಕಲು ಪ್ರತಿಯಲ್ಲಿ ಆ ಸಾಲು ಅಳಿಸಿಹೋದರೆ ಉಳಿಯುವುದು ಅರ್ಧ ಸತ್ಯ. ಅದಲ್ಲದೆ ಭಾರತೀಯ ಮಾನಕವು ಪ್ರಥಮ ಕೋನ ಪ್ರಕ್ಷೇಪಣವನ್ನು ಅನುಸರಿಸಿದರೆ, ಅಮೆರಿಕ ಮತ್ತು ಜಪಾನಿನ ನಕ್ಷೆಗಳು ತೃತೀಯ ಕೋನವನ್ನು ಅನುಸರಿಸುತ್ತವೆ. ಮೊದಲನೆಯದರಲ್ಲಿ ಎಡದಿಂದ ಕಂಡ ನೋಟವನ್ನು ಮುಂದಿನ ನೋಟದ ಬಲಕ್ಕೆ ಬರೆಯುತ್ತಾರೆ. ಎರಡನೆಯದರಲ್ಲಿ ಎಡಕ್ಕೇ ಬರೆಯುತ್ತಾರೆ. ನಕ್ಷೆಯ ಮೂಲೆಯಲ್ಲಿರುವ ಮೊಟಕು ಶಂಕುವಿನ ಸಣ್ಣ ಚಿಹ್ನೆಯನ್ನು ನೋಡದೆ ಕೆಲಸಕ್ಕೆ ಕೈಹಚ್ಚಿದರೆ ರಂಧ್ರಗಳು ವಿರುದ್ಧ ಬದಿಗೆ ಬೀಳುತ್ತವೆ. ಸಿಎನ್‌ಸಿ ಯಂತ್ರವು ಪ್ರತಿಬಿಂಬದ ಆದೇಶವನ್ನು ಪಾಲಿಸುವಾಗ ಪ್ರಶ್ನೆ ಕೇಳುವುದಿಲ್ಲ; ತಪ್ಪನ್ನು ಸಹ ಅದು ನಿಖರವಾಗಿಯೇ ಮಾಡುತ್ತದೆ.

ಕಾನೂನು ಏನನ್ನುತ್ತದೆ

ಇಬ್ಬರು ಒಂದೇ ಪದವನ್ನು ಎರಡು ಅರ್ಥದಲ್ಲಿ ಬಳಸಿದರೆ ಏನಾಗಬೇಕೆಂಬ ಪ್ರಶ್ನೆ ಹೊಸದಲ್ಲ. 1864ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ಬಂದ ರ‍್ಯಾಫಲ್ಸ್ ಮತ್ತು ವಿಚೆಲ್‌ಹೌಸ್ ನಡುವಿನ ಮೊಕದ್ದಮೆ ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಮುಂಬಯಿಯಿಂದ "ಪೀರ್‌ಲೆಸ್" ಎಂಬ ಹಡಗಿನಲ್ಲಿ ಬರಲಿರುವ ಸೂರತ್ ಹತ್ತಿಯ ವ್ಯಾಪಾರ ಅದು. ಆ ಹೆಸರಿನ ಹಡಗುಗಳು ಎರಡಿದ್ದವು: ಒಂದು ಅಕ್ಟೋಬರಿನಲ್ಲಿ ಹೊರಡುವುದು, ಇನ್ನೊಂದು ಡಿಸೆಂಬರಿನಲ್ಲಿ. ಕೊಳ್ಳುವವನ ಮನಸ್ಸಿನಲ್ಲಿ ಮೊದಲನೆಯದು, ಮಾರುವವನ ಮನಸ್ಸಿನಲ್ಲಿ ಎರಡನೆಯದು. ತೀರ್ಪು ಕೊಳ್ಳುವವನ ಪರವಾಗಿ ಬಂದಿತು. ಎಂಟು ವರ್ಷಗಳ ತರುವಾಯ ಬಂದ 1872ರ ಭಾರತೀಯ ಕರಾರು ಕಾಯಿದೆಯ 13ನೇ ಪ್ರಕರಣವು, ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದಾಗ ಮಾತ್ರ ಸಮ್ಮತಿಯೆಂದು ಹೇಳುತ್ತದೆ. "ಎಡ" ಎಂಬ ಪದವು ಬಿಡಿಭಾಗ ವ್ಯಾಪಾರದಲ್ಲಿ ನಿತ್ಯವೂ ಹೊರಡುವ ಎರಡು ಪೀರ್‌ಲೆಸ್ ಹಡಗುಗಳಿದ್ದಂತೆ.

1930ರ ಸರಕು ಮಾರಾಟ ಕಾಯಿದೆಯ 15ನೇ ಪ್ರಕರಣದಂತೆ, ವಿವರಣೆಯನ್ನು ನಂಬಿ ಕೊಂಡ ಸರಕು ಆ ವಿವರಣೆಗೆ ಹೊಂದಬೇಕಾದುದು ಅಂತರ್ಗತವಾದ ಷರತ್ತು. 41ನೇ ಪ್ರಕರಣವು ಸರಕನ್ನು ಪರೀಕ್ಷಿಸಲು ಕೊಳ್ಳುವವನಿಗೆ ಅವಕಾಶ ನೀಡುತ್ತದೆ. 43ನೇ ಪ್ರಕರಣದ ಪ್ರಕಾರ, ಹಕ್ಕಿನಿಂದ ತಿರಸ್ಕರಿಸಿದ ಸರಕನ್ನು, ಬೇರೆ ಒಪ್ಪಂದವಿಲ್ಲದಿದ್ದರೆ, ಮಾರಾಟಗಾರನಿಗೆ ತಾನೇ ಕಳುಹಿಸಿಕೊಡಬೇಕಾದ ಬಾಧ್ಯತೆ ಕೊಳ್ಳುವವನಿಗಿಲ್ಲ, ತಿಳಿಸಿದರೆ ಸಾಕು. ಬಿಲ್ಲಿನಲ್ಲಿ ಎಡವೆಂದು ಬರೆದು ಬಲದ್ದನ್ನು ಕಳುಹಿಸಿದ ಪ್ರಸಂಗದಲ್ಲಿ ಈ ನಿಯಮಗಳು ಸ್ಪಷ್ಟ. ಆದರೆ ಎಡವೆಂದು ಬರೆದು ಎಡದ್ದನ್ನೇ ಕಳುಹಿಸಿದ್ದು, ಕೊಳ್ಳುವವನ ಮನಸ್ಸಿನಲ್ಲಿದ್ದುದು ಬೇರೆಯಾದರೆ ವಾದಕ್ಕೆ ಕೊನೆಯಿಲ್ಲ. ನಾಲ್ಕು ಸಾವಿರ ರೂಪಾಯಿಯ ದೀಪಕ್ಕಾಗಿ ಯಾರೂ ನ್ಯಾಯಾಲಯದ ಮೆಟ್ಟಿಲು ಹತ್ತುವುದಿಲ್ಲ. ಬಲಹೀನನಾದವನು ನಷ್ಟವನ್ನು ನುಂಗಿಕೊಳ್ಳುತ್ತಾನೆ.

ಅತಿಸಣ್ಣ ಹಾಗೂ ಸಣ್ಣ ಉದ್ಯಮಗಳಿಂದ ಸರಕು ಪಡೆಯುವವರು ಇನ್ನೊಂದು ಅಂಶವನ್ನು ಗಮನಿಸಬೇಕು. 2006ರ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯಂತೆ, ಸರಕು ತಲಪಿದ 15 ದಿನಗಳೊಳಗೆ ಕೊಳ್ಳುವವನು ಲಿಖಿತ ಆಕ್ಷೇಪಣೆ ಸಲ್ಲಿಸದಿದ್ದರೆ, ತಲಪಿದ ದಿನವೇ ಸರಕನ್ನು ಅಂಗೀಕರಿಸಿದಂತೆ ಪರಿಗಣಿತವಾಗಿ ಹಣಪಾವತಿಯ ಅವಧಿ ಆ ದಿನದಿಂದಲೇ ಎಣಿಕೆಯಾಗುತ್ತದೆ. ಪೆಟ್ಟಿಗೆ ತೆರೆಯದೆ ತಿಂಗಳುಗಟ್ಟಲೆ ಕಪಾಟಿನಲ್ಲಿರಿಸಿ, ಗಿರಾಕಿ ಬಂದ ದಿನ ಎಡಬಲ ನೋಡುವ ಪದ್ಧತಿಗೆ ಇಲ್ಲಿ ರಕ್ಷಣೆಯಿಲ್ಲ.

ಲೆಕ್ಕದ ಪುಸ್ತಕದಲ್ಲಿ

ಒಂದು ಸರಳ ಲೆಕ್ಕವನ್ನು ಪರಿಶೀಲಿಸಬಹುದು. ತೆರಿಗೆ ಹೊರತಾಗಿ 4,000 ರೂಪಾಯಿ ಬೆಲೆಯ ದೀಪವೊಂದರಲ್ಲಿ ಅಂಗಡಿಯವರ ಲಾಭ ಶೇ. 10, ಅಂದರೆ 400 ರೂಪಾಯಿ ಎಂದಿಟ್ಟುಕೊಳ್ಳೋಣ. ತಪ್ಪು ದೀಪ ಹಿಂದೆ ಬರಲು ಹಾಗೂ ಸರಿಯಾದದ್ದು ಮತ್ತೆ ಹೋಗಲು ತಲಾ 100 ರೂಪಾಯಿ ಪಾರ್ಸೆಲ್ ಖರ್ಚು, ಪೆಟ್ಟಿಗೆ ಹರಿದ ಕಾರಣ ಮುಂದಿನ ಗಿರಾಕಿಗೆ ಕೊಡಬೇಕಾದ 400 ರೂಪಾಯಿ ರಿಯಾಯಿತಿ ಸೇರಿದರೆ ನಷ್ಟ 600 ರೂಪಾಯಿ. ಆ ವ್ಯಾಪಾರದ ಲಾಭವೆಲ್ಲ ಹೋಗಿ, ಮುಂದಿನ ದೀಪದ ಅರ್ಧ ಲಾಭವೂ ಹೋಯಿತು. ಗ್ಯಾರೇಜಿನಲ್ಲಿ ಎರಡು ದಿನ ನಿಂತ ಟ್ಯಾಕ್ಸಿಯ ಮಾಲೀಕನ ಬಾಡಿಗೆ ನಷ್ಟ ಈ ಲೆಕ್ಕದಲ್ಲಿ ಸೇರಿಲ್ಲ.

ತೆರಿಗೆಯ ಕಡೆಯಿಂದಲೂ ಕೆಲಸ ತಪ್ಪದು. ಸರಕು ಹಿಂದಿರುಗಿದಾಗ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 34ನೇ ಪ್ರಕರಣದಂತೆ ಕ್ರೆಡಿಟ್ ನೋಟ್ ನೀಡಬೇಕು. ಅದನ್ನು ಆಯಾ ಆರ್ಥಿಕ ವರ್ಷ ಮುಗಿದ ಮುಂದಿನ ನವೆಂಬರ್ 30ರೊಳಗೆ, ಅಥವಾ ವಾರ್ಷಿಕ ರಿಟರ್ನ್ ಅದಕ್ಕಿಂತ ಮುಂಚೆ ಸಲ್ಲಿಕೆಯಾದರೆ ಅದರೊಳಗೆ, ಘೋಷಿಸಬೇಕು. ಕೊಂಡವನು ನೋಂದಾಯಿತನಾಗಿದ್ದರೆ ತಾನು ಪಡೆದ ಇನ್‌ಪುಟ್ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕು. 2025ರ ಸೆಪ್ಟೆಂಬರ್ 22ರಿಂದ ಮೋಟಾರು ಬಿಡಿಭಾಗಗಳಿಗೆ ಶೇ. 18ರ ಏಕರೂಪದ ದರ ಜಾರಿಗೆ ಬಂದಿತು. ಅದಕ್ಕೂ ಮೊದಲು ಅನೇಕ ಭಾಗಗಳ ಮೇಲೆ ಶೇ. 28 ಇತ್ತು. ಆ ದಿನಾಂಕಕ್ಕೆ ಮುಂಚೆ ಮಾರಿ ಅನಂತರ ಹಿಂದಿರುಗಿದ ಭಾಗದ ಕ್ರೆಡಿಟ್ ನೋಟು ಹಳೆಯ ದರದಲ್ಲಿ, ಬದಲಿ ಭಾಗದ ಬಿಲ್ಲು ಹೊಸ ದರದಲ್ಲಿ ಆಗಬೇಕಾಯಿತು. "ಒಂದು ಕೊಟ್ಟು ಒಂದು ತೆಗೆದುಕೊಂಡರೆ ಆಯಿತು" ಎಂದು ಕಾಗದವಿಲ್ಲದೆ ಅದಲುಬದಲು ಮಾಡಿಕೊಂಡವರ ದಾಸ್ತಾನು ಪುಸ್ತಕಕ್ಕೂ ಕಪಾಟಿಗೂ ಹೊಂದಾಣಿಕೆ ತಪ್ಪುವುದು ಇಂತಹ ಕಡೆಗಳಲ್ಲಿಯೇ.

ಹಿಂದಕ್ಕೂ ಹೋಗದೆ ಮಾರಾಟವೂ ಆಗದೆ ಉಳಿದ ಒಂಟಿ ಬದಿಯ ಸರಕು ಕಾಲಕ್ರಮದಲ್ಲಿ ಸತ್ತ ದಾಸ್ತಾನಾಗುತ್ತದೆ. ಲೆಕ್ಕ ಮಾನಕದಂತೆ ಅದನ್ನು ಕೊಂಡ ಬೆಲೆ ಹಾಗೂ ಮಾರಿ ಬರಬಹುದಾದ ನಿವ್ವಳ ಬೆಲೆ ಇವುಗಳಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕು. ಪೂರ್ಣವಾಗಿ ಲೆಕ್ಕದಿಂದ ತೆಗೆದುಹಾಕಿದರೆ 17ನೇ ಪ್ರಕರಣದ 5ನೇ ಉಪಪ್ರಕರಣದಂತೆ ಅದರ ತೆರಿಗೆ ಜಮೆಯನ್ನೂ ಬಿಟ್ಟುಕೊಡಬೇಕು. ಒಂದು ಪದದ ಅಸ್ಪಷ್ಟತೆಗೆ ಬೆಲೆಯನ್ನೂ ತೆರಿಗೆಯನ್ನೂ ತೆತ್ತಂತಾಯಿತು.

ಹೊಣೆ ಯಾರದು

ಈಗಿನ ರೂಢಿಯಲ್ಲಿ ನಷ್ಟವು ಕೊನೆಗೆ ಬಂದು ನಿಲ್ಲುವುದು ಅದನ್ನು ಹೊರಲು ಶಕ್ತಿಯಿಲ್ಲದವನ ಬಳಿ. ಕೌಂಟರಿನ ಹುಡುಗನ ಸಂಬಳದಲ್ಲಿ ಮುರಿದುಕೊಳ್ಳುವ ಪದ್ಧತಿ ಕೆಲವೆಡೆ ಇನ್ನೂ ಉಂಟು. 1936ರ ವೇತನ ಪಾವತಿ ಕಾಯಿದೆಯಲ್ಲಿಯೂ, ಅದರ ಸ್ಥಾನಕ್ಕೆ ಬಂದ 2019ರ ವೇತನ ಸಂಹಿತೆಯಲ್ಲಿಯೂ ನೌಕರನಿಗೆ ವಿವರಣೆ ನೀಡುವ ಅವಕಾಶ ಕೊಡದೆ ಇಂತಹ ಕಡಿತ ಮಾಡುವಂತಿಲ್ಲ. ಕಾನೂನಿನ ಮಾತು ಹಾಗಿರಲಿ, ಯಾರೂ ಬರೆದು ತಿಳಿಸದ ನಿಯಮವನ್ನು ಮೀರಿದನೆಂದು ಒಬ್ಬನ ಕೂಲಿಯನ್ನು ಕಡಿಯುವುದು ನ್ಯಾಯವೂ ಅಲ್ಲ.

ಭಾಗದ ಸಂಖ್ಯೆಯನ್ನು ಬರೆದು ತರಿಸಿದರೆ ಈ ಗೊಂದಲವೇ ಇರದೆಂದು ಕೆಲವರು ವಾದಿಸಬಹುದು. ಅದು ಅರ್ಧ ಮಾತ್ರ ಸರಿ. ಪಟ್ಟಿಯಲ್ಲಿ ಎಡದ ಸಂಖ್ಯೆ, ಬಲದ ಸಂಖ್ಯೆ ಎಂದು ಎರಡು ಇರುವಾಗ, ಯಾವುದನ್ನು ಆರಿಸಬೇಕೆಂಬಲ್ಲಿಯೇ ತಪ್ಪು ನುಸುಳುತ್ತದೆ. ಮೊಬೈಲಿನಲ್ಲಿ ಚಿತ್ರ ಕಳುಹಿಸಿದರೆ ಸಾಕೆಂಬುದು ಮತ್ತೊಂದು ವಾದ. ಬಿಚ್ಚಿ ನೆಲದ ಮೇಲಿಟ್ಟ ಭಾಗದ ಚಿತ್ರ ಯಾವ ಬದಿಯದೆಂದು ಹೇಳುವುದಿಲ್ಲ. ಮುಂಗ್ಯಾಮೆರಾದಿಂದ ತೆಗೆದ ಚಿತ್ರ ಕೆಲವು ಮೊಬೈಲುಗಳಲ್ಲಿ ಎಡಬಲ ಅದಲಾಗಿಯೇ ಉಳಿಯುತ್ತದೆ. ಹಳೆಯ ಭಾಗದ ಮೇಲಿನ ಅಚ್ಚು ಕಾಣುವಂತೆ ತೆಗೆದ ಚಿತ್ರ, ಅಥವಾ ಸ್ಟಿಯರಿಂಗ್ ಕಾಣುವಂತೆ ವಾಹನದೊಡನೆ ತೆಗೆದ ಚಿತ್ರ ಮಾತ್ರ ಸಾಕ್ಷಿಯಾಗಬಲ್ಲದು.

ಆದುದರಿಂದ ಕೇಳಿ ಖಚಿತಪಡಿಸಿಕೊಳ್ಳುವ ಹೊಣೆ ಬಿಲ್ಲು ಬರೆಯುವವನ ಮೇಲಿರಬೇಕು ಎಂಬುದೇ ವಿವೇಕದ ನಿಲುವು. ವ್ಯಾಪಾರದ ಪದ್ಧತಿಯನ್ನು ಬಲ್ಲವನು ಅವನು. ದಿನಕ್ಕೆ ನೂರು ಬೇಡಿಕೆಗಳನ್ನು ಬರೆದುಕೊಳ್ಳುವವನು ಅವನು. ಒಂದು ಪ್ರಶ್ನೆಯನ್ನು ಕೇಳಲು ಅವನಿಗೆ ತಗಲುವ ಸಮಯ ಐದು ಸೆಕೆಂಡು. ಬೇಡಿಕೆ ಸಲ್ಲಿಸುವವನು ವರ್ಷಕ್ಕೊಮ್ಮೆ ಆ ಮಾದರಿಯ ಕಾರನ್ನು ನೋಡುವ ಗ್ರಾಮಾಂತರದ ಮೆಕ್ಯಾನಿಕನಾಗಿರಬಹುದು. ತಿಳಿದವನು ಕೇಳದೆ ಬಿಟ್ಟ ತಪ್ಪು, ತಿಳಿಯದವನು ಹೇಳದೆ ಬಿಟ್ಟ ತಪ್ಪಿಗಿಂತ ದೊಡ್ಡದು. ಆದರೆ ಮಾರಾಟಗಾರನು ಸ್ಪಷ್ಟವಾಗಿ ಕೇಳಿ, ಕೊಳ್ಳುವವನು ದೃಢಪಡಿಸಿದ ಮೇಲೂ ತಪ್ಪಾದರೆ ಆ ಹೊರೆಯನ್ನು ಕೊಂಡವನೇ ಹೊರುವುದು ನ್ಯಾಯ.

ಅನುಷ್ಠಾನಕ್ಕೆ ಕೆಲವು ಸಲಹೆಗಳು

ಇದಕ್ಕೆ ದೊಡ್ಡ ಖರ್ಚಿನ ವ್ಯವಸ್ಥೆಯೇನೂ ಬೇಕಿಲ್ಲ. ಮೊದಲನೆಯದಾಗಿ, ದರಪಟ್ಟಿ, ಬೇಡಿಕೆ ಪುಸ್ತಕ ಮತ್ತು ಬಿಲ್ಲುಗಳ ಮೇಲೆ "ಎಡ ಮತ್ತು ಬಲ: ಚಾಲಕನ ಆಸನದಲ್ಲಿ ಮುಂದಕ್ಕೆ ಮುಖ ಮಾಡಿ ಕುಳಿತಾಗ" ಎಂಬ ಒಂದು ಸಾಲು ಕನ್ನಡದಲ್ಲಿ ಮುದ್ರಣವಾಗಬೇಕು. ಎರಡನೆಯದಾಗಿ, ದೂರವಾಣಿಯ ಬೇಡಿಕೆಯನ್ನು ಎರಡು ಬೇರೆ ಗುರುತುಗಳಿಂದ ದೃಢಪಡಿಸಿಕೊಳ್ಳಬೇಕು. ಗಿರಾಕಿ "ಎಡ" ಎಂದರೆ "ಕ್ಲೀನರ್ ಸೈಡಿಂದೇನ್ರಿ?" ಎಂದು ಕೇಳುವುದು, "ಡ್ರೈವರ್ ಸೈಡು" ಎಂದರೆ "ಬಲಗಡೆಯದ್ದೇನ್ರಿ?" ಎಂದು ಕೇಳುವುದು. ಎರಡು ಉತ್ತರಗಳು ಕೂಡಿಬಂದರೆ ಮಾತ್ರ ಬಿಲ್ಲು. "ಎಡ" ಎಂದವನಿಗೆ "ಎಡಾನಾ?" ಎಂದು ಅದೇ ಪದವನ್ನು ಮರಳಿ ಹೇಳುವುದರಿಂದ ಪ್ರಯೋಜನವಿಲ್ಲ.

ಮೂರನೆಯದಾಗಿ, ಬೆಲೆ ಹೆಚ್ಚಿನ ಭಾಗಗಳಿಗೆ 17 ಅಕ್ಷರಾಂಕಗಳ ಚಾಸಿಸ್ ಸಂಖ್ಯೆಯನ್ನೂ ಹಳೆಯ ಭಾಗದ ಅಚ್ಚಿನ ಚಿತ್ರವನ್ನೂ ಪಡೆಯಬೇಕು. ಚಾಸಿಸ್ ಸಂಖ್ಯೆಯು ಮಾದರಿಯನ್ನು ಖಚಿತಪಡಿಸುತ್ತದೆ, ಅಚ್ಚು ಬದಿಯನ್ನು ಖಚಿತಪಡಿಸುತ್ತದೆ. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು. ನಾಲ್ಕನೆಯದಾಗಿ, ಎಷ್ಟು ದಿನಗಳೊಳಗೆ, ಯಾವ ಸ್ಥಿತಿಯಲ್ಲಿ ಸರಕನ್ನು ಹಿಂದಕ್ಕೆ ಪಡೆಯಲಾಗುವುದು, ಸಾಗಾಣಿಕೆಯ ಖರ್ಚು ಯಾರದು ಎಂಬುದನ್ನು ಬಿಲ್ಲಿನ ಹಿಂಬದಿಯಲ್ಲಿ ಮುಂಚಿತವಾಗಿಯೇ ತಿಳಿಸಿರಬೇಕು. ತಯಾರಕರು ಎಡಬಲದ ಬಿಡಿಭಾಗಗಳ ತೊಟ್ಟಿಗಳಿಗೆ ಎರಡು ಬೇರೆ ಬಣ್ಣ ಹಚ್ಚಿ, ಪಾಳಿಯ ಮೊದಲ ತುಂಡನ್ನು ಮಾದರಿಯೊಡನೆ ಹೋಲಿಸಿದ ಬಳಿಕವೇ ಯಂತ್ರ ಮುಂದುವರಿಸುವುದು ಒಳಿತು.

ಒಬ್ಬ ವರ್ತಕನು ಇದನ್ನು ಮಾಡಿದರೆ ಅವನ ನಷ್ಟ ತಗ್ಗುತ್ತದೆ. ಪೇಟೆಯೆಲ್ಲ ಮಾಡಿದರೆ ಅದು ವ್ಯಾಪಾರದ ಸಂಪ್ರದಾಯವಾಗುತ್ತದೆ. ಸರಕು ಮಾರಾಟ ಕಾಯಿದೆಯು ಸಂಪ್ರದಾಯಕ್ಕೆ ಬೆಲೆ ಕೊಡುತ್ತದೆಂಬುದೂ ಇಲ್ಲಿ ಸ್ಮರಣೀಯ. ಆದಕಾರಣ ವಾಣಿಜ್ಯೋದ್ಯಮ ಸಂಸ್ಥೆಗಳು ಬಿಡಿಭಾಗ ವರ್ತಕರ ಹಾಗೂ ಗ್ಯಾರೇಜು ಮಾಲೀಕರ ಸಂಘಗಳನ್ನು ಒಂದೆಡೆ ಸೇರಿಸಿ, ಒಂದೇ ನಮೂನೆಯ ಬೇಡಿಕೆ ಪತ್ರವನ್ನು ಸಿದ್ಧಪಡಿಸಿ ಹಂಚುವುದು ಉಚಿತ. ಸದಸ್ಯರಾದ ವರ್ತಕರು ಅದಕ್ಕಾಗಿ ಕಾಯಬೇಕಾಗಿಯೂ ಇಲ್ಲ. ಮುಂದಿನ ಬಿಲ್ ಪುಸ್ತಕವನ್ನು ಮುದ್ರಣಕ್ಕೆ ಕೊಡುವಾಗ ಆ ಒಂದು ಸಾಲನ್ನು ಸೇರಿಸಲು ಮುದ್ರಣಾಲಯದವರು ಹೆಚ್ಚಿನ ಹಣ ಕೇಳುವುದಿಲ್ಲ.